ಫೋನಕ್ಕ ಮತ್ತು ಕ್ಲಚ್ ಮೇಷ್ಟ್ರು

ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ರಕ್ತ ಪರೀಕ್ಷೆಯ ಕೋಣೆಗೂ ನಡುವೆ ಸಿಕ್ಕಿಹಾಕಿಕೊಂಡ ಹಾಗೆ ಒಂದು ಪುಟ್ಟ ರೂಮು. ಒಂದು ಗೋಡೆಯ ಕಡೆಯಿಂದ ಸೋಪಿನ ವಾಸನೆ, ಇನ್ನೊಂದರ ಕಡೆಯಿಂದ ಸ್ಪಿರಿಟ್ಟಿನ ವಾಸನೆ. ಒಳಗೆ ಒಂದು ಮೇಜು, ಒಂದು ಕಂಪ್ಯೂಟರು, ದಿಂಬಿನಷ್ಟು ದಪ್ಪದ ಪುಸ್ತಕಗಳು, ಒಂದು ಬೂದು ಬಣ್ಣದ ಫೋನು. ಬಾಗಿಲ ಮೇಲೆ ‘ಔಷಧ ಮಾಹಿತಿ’ ಅಂತ ಬರೆದಿತ್ತು. ಮಾತ್ರೆ, ಟಾನಿಕ್ಕು, ಮುಲಾಮು, ಯಾವುದರ ಬಗ್ಗೆ ಅನುಮಾನ ಬಂದರೂ ಯಾರು ಬೇಕಾದರೂ ಆ ಫೋನಿಗೆ ಕರೆ ಮಾಡಬಹುದಿತ್ತು. ಹೆಸರು ಹೇಳಬೇಕಾಗಿರಲಿಲ್ಲ.

ಆ ಫೋನು ಎತ್ತುತ್ತಿದ್ದವಳು ಔಷಧಶಾಸ್ತ್ರ ಓದಿದ ಒಬ್ಬ ಹೆಂಗಸು. ಮೊದಮೊದಲು ‘ಆ ಫೋನಿನ ರೂಮಿನ ಅಕ್ಕ’ ಅನ್ನುತ್ತಿದ್ದರು. ಅಷ್ಟುದ್ದ ಹೇಳೋದಕ್ಕೆ ಆಸ್ಪತ್ರೆಯಲ್ಲಿ ಯಾರಿಗೆ ಪುರುಸೊತ್ತು? ಸವೆದು ಸವೆದು ‘ಫೋನಕ್ಕ’ ಆಯಿತು. ಅವಳಿಗಿಂತ ಹಿರಿಯ ಡಾಕ್ಟರುಗಳೂ ಫೋನಕ್ಕ ಅಂತಲೇ ಕರೆಯುತ್ತಿದ್ದರು.

ಬರುತ್ತಿದ್ದ ಪ್ರಶ್ನೆಗಳು ನೂರೆಂಟು ಬಗೆ. ಬಾಣಂತಿಯೊಬ್ಬಳು, ಮಗುವಿಗೆ ಹಾಲು ಕುಡಿಸ್ತಾ ತಲೆನೋವಿನ ಮಾತ್ರೆ ತಗೋಬಹುದಾ ಅಂತ ಕೇಳುತ್ತಿದ್ದಳು. ಅಜ್ಜ ಒಬ್ಬರು, ‘ಬೆಳಗಿನ ಮಾತ್ರೆ ನುಂಗಿದ್ನೋ ಇಲ್ವೋ ನೆನಪಿಲ್ಲ ತಾಯಿ, ಯಾವುದಕ್ಕೂ ಇರಲಿ ಅಂತ ಇನ್ನೊಂದು ನುಂಗಿಬಿಡ್ಲಾ?’ ಅನ್ನುತ್ತಿದ್ದರು. ವಾರ್ಡಿನಿಂದ ಡಾಕ್ಟರೊಬ್ಬರು, ಹೊಸ ಔಷಧವೊಂದು ಬಂದಿದೆಯಂತೆ, ಅದನ್ನು ನಂಬಬಹುದಾ ಅಂತ ವಿಚಾರಿಸುತ್ತಿದ್ದರು.

ಫೋನಕ್ಕನ ಹತ್ತಿರ ಎರಡು ತರದ ‘ಗೊತ್ತಿಲ್ಲ’ ಇತ್ತು. ಒಂದು, ‘ನನಗೆ ಗೊತ್ತಿಲ್ಲ, ಹುಡುಕಿ ಹೇಳ್ತೀನಿ.’ ಇನ್ನೊಂದು, ‘ಹುಡುಕಿದೆ. ಯಾರಿಗೂ ಗೊತ್ತಿಲ್ಲ.’ ಎರಡನ್ನೂ ಅವಳು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದಳು. ಅಡ್ಡಗೋಡೆಯ ಮೇಲೆ ದೀಪ ಇಡುವ ಅಭ್ಯಾಸ ಅವಳಿಗಿರಲಿಲ್ಲ. ಪಕ್ಕದ ಮನೆಯವರಿಗೆ ಗುಣವಾಯಿತು ಅನ್ನೋದು ಒಂದು ತೂಕ. ನೂರು ಜನಕ್ಕೆ ಕೊಟ್ಟು ನೋಡಿದೆವು ಅನ್ನೋದು ಇನ್ನೊಂದು ತೂಕ. ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಒಳಗೇನೂ ಇಲ್ಲದ ಪೊಳ್ಳು ಮಾತ್ರೆ ಕೊಟ್ಟು, ಯಾರಿಗೆ ಯಾವುದು ಅಂತ ಕೊಟ್ಟವರಿಗೂ ತಿಳಿಯದ ಹಾಗೆ ನೋಡಿದ್ದೇವೆ ಅನ್ನೋದು ಬೇರೆಯದೇ ತೂಕ. ಈ ಮೂರನ್ನು ಒಂದೇ ತಕ್ಕಡಿಗೆ ಹಾಕಿದರೆ ಅವಳಿಗೆ ಮೈ ಉರಿಯುತ್ತಿತ್ತು.

ಒಮ್ಮೆ ಒಬ್ಬ ತಾಯಿ ಯಾವುದೋ ಟಾನಿಕ್ಕಿನ ಬಗ್ಗೆ ವಿಚಾರಿಸಿದಳು. ಅದರಿಂದ ಮಗನ ಬುದ್ಧಿ ಚುರುಕಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲಮ್ಮ ಅಂದಳು ಫೋನಕ್ಕ.

‘ನಾನು ಕಣ್ಣಾರೆ ಕಂಡಿದೀನಿ ಕಣ್ರೀ, ಚುರುಕಾಗಿದಾನೆ.’

‘ಅಮ್ಮಾ, ಹೆತ್ತವರ ಕಣ್ಣು ಹೆತ್ತವರ ಪರವಾಗೇ ಸಾಕ್ಷಿ ಹೇಳೋದು.’

ಆ ತಾಯಿ ಫೋನ್ ಇಟ್ಟುಬಿಟ್ಟಳು. ಹೇಳಿದ್ದು ಸರಿಯಾಗಿಯೇ ಇತ್ತಲ್ಲ ಅಂದುಕೊಂಡು ಫೋನಕ್ಕ ಮುಂದಿನ ಕರೆ ಎತ್ತಿದಳು.

ಅವಳ ಗಂಡ ಕಾರು ಓಡಿಸೋದು ಕಲಿಸುವ ಮೇಷ್ಟ್ರು. ಹಳೆಯ ಬಿಳಿ ಕಾರೊಂದರಲ್ಲಿ ತನ್ನ ಕಾಲ ಬುಡಕ್ಕೂ ಒಂದು ಬ್ರೇಕು, ಒಂದು ಕ್ಲಚ್ಚು ಹಾಕಿಸಿಕೊಂಡು, ಅರ್ಧ ಊರಿಗೆ ಸ್ಟೇರಿಂಗ್ ಹಿಡಿಸಿದ್ದ. ‘ಜೀವನದಲ್ಲಿ ಬರೋ ತಾಪತ್ರಯಗಳಲ್ಲಿ ಅರ್ಧ, ಕ್ಲಚ್ಚನ್ನ ಧಡಕ್ ಅಂತ ಬಿಡೋದ್ರಿಂದಲೇ ಬರೋದು’ ಅನ್ನೋದು ಅವನ ಮಾತು. ಹಾಗಾಗಿ ಅವನು ಕ್ಲಚ್ ಮೇಷ್ಟ್ರು. ಹೆಂಡತಿ ಮಾತಿಗೊಂದು ಆಧಾರ ಕೇಳಿದರೆ ಗಂಡ ಮಾತಿಗೊಂದು ಜೋಕು ಹೊಡೆಯುವವನು. ಎಣ್ಣೆ ಸೀಗೆಕಾಯಿ ಜೋಡಿ ಅಂತ ನೆಂಟರು ನಗುತ್ತಿದ್ದರು. ಆದರೂ ಒಬ್ಬಳೇ ಮಗಳನ್ನು ಬೆಳೆಸಿ, ಓದಿಸಿ, ಮದುವೆ ಮಾಡಿ, ಎರಡು ಬೀದಿ ಆಚೆಗೇ ಅವಳ ಸಂಸಾರವನ್ನೂ ನೋಡಿಕೊಂಡು ನೆಮ್ಮದಿಯಾಗಿದ್ದರು.

ಮೊದಲು ಬಂದದ್ದು ಬಲಗಡೆ ಭುಜದ ನೋವು. ಗೇರ್ ಹಾಕೀ ಹಾಕೀ ಭುಜ ಸವೆದಿದೆ ಅಂದ ಮೇಷ್ಟ್ರು. ಮೂಳೆ ಡಾಕ್ಟರು ಶಾಖ ಕೊಡಿಸಿದರು, ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿದರು. ಭುಜ ಸಡಿಲವಾಗಲಿಲ್ಲ. ಒಂದು ಭಾನುವಾರ ಟಿವಿ ನೋಡುತ್ತಾ ಕೂತಿದ್ದಾಗ ಮಗಳು ಕೇಳಿದಳು.

‘ಅಪ್ಪಾ, ಯಾಕೆ ಹೆಬ್ಬೆರಳು ಹಾಗೆ ಆಡಿಸ್ತಿದೀಯ?’

‘ಆಡಿಸ್ತಿದೀನಾ? ಯಾರು, ನಾನಾ?’

ಅವನು ಕೈ ನೋಡಿಕೊಂಡ. ತೊಡೆಯ ಮೇಲೆ ಸುಮ್ಮನಿದ್ದ ಬಲಗೈಯ ಹೆಬ್ಬೆರಳು, ಕಾಣದ ಗೋಲಿಯೊಂದನ್ನು ಹೊರಳಿಸುವ ಹಾಗೆ ತನ್ನಷ್ಟಕ್ಕೆ ತಾನೇ ಆಡುತ್ತಿತ್ತು. ಕೈ ಎತ್ತಿದ ಕೂಡಲೇ ನಿಂತಿತು.

ಫೋನಕ್ಕನಿಗೆ ಅಲ್ಲಿಯವರೆಗೆ ಕಾಣದ್ದೆಲ್ಲ ಒಂದೊಂದಾಗಿ ಕಾಣತೊಡಗಿತು. ನಡೆಯುವಾಗ ಎಡಗೈ ಬೀಸುತ್ತಿತ್ತು, ಬಲಗೈ ಪಕ್ಕಕ್ಕೆ ಅಂಟಿಕೊಂಡಿರುತ್ತಿತ್ತು. ಸಹಿ ಬರಬರುತ್ತಾ ಇರುವೆ ಸಾಲಿನಷ್ಟು ಸಣ್ಣಗಾಗಿತ್ತು. ಮೊನ್ನೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಕಮಟು ತುಂಬಿದ್ದರೂ ಪಕ್ಕದಲ್ಲೇ ಕೂತಿದ್ದವನಿಗೆ ಗೊತ್ತಾಗಿರಲಿಲ್ಲ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಇಷ್ಟು ದಿನ ನನ್ನ ಕಣ್ಣು ಎಲ್ಲಿ ಹೋಗಿತ್ತು ಅಂತ ಅವಳು ಒಳಗೊಳಗೇ ಬೆಂದಳು.

ಬೆಂದ ಮನಸ್ಸಿಗೆ ಮರುದಿನವೇ ಒಂದು ಹುಲ್ಲುಕಡ್ಡಿ ಸಿಕ್ಕಿತು. ಹಿಂದೊಮ್ಮೆ ಮೇಷ್ಟ್ರಿಗೆ ತಲೆಸುತ್ತು ಬಂದಿತ್ತು, ಅದಕ್ಕೊಂದು ಮಾತ್ರೆ ಕೊಟ್ಟಿದ್ದರು. ತಲೆಸುತ್ತು ಹೋದರೂ ಮಾತ್ರೆ ಹೋಗಿರಲಿಲ್ಲ. ‘ಇರಲಿ ಬಿಡೇ, ಚೆನ್ನಾಗಿದೀನಲ್ಲ’ ಅಂತ ಅವನು ನುಂಗುತ್ತಲೇ ಬಂದಿದ್ದ. ಆ ಜಾತಿಯ ಮಾತ್ರೆಗಳನ್ನು ಬಹಳ ಕಾಲ ತಗೊಂಡರೆ ಕೆಲವರಿಗೆ ಹೀಗೇ ಕೈ ನಡುಗುತ್ತೆ, ಮೈ ಬಿಗಿಯುತ್ತೆ. ನಿಲ್ಲಿಸಿದರೆ ತಿಂಗಳುಗಳಲ್ಲಿ ನಿಧಾನವಾಗಿ ಇಳಿಯುತ್ತೆ. ಇದನ್ನು ಫೋನಿನಲ್ಲಿ ಅವಳು ಎಷ್ಟೋ ಜನಕ್ಕೆ ಹೇಳಿದ್ದಳು. ಪುಸ್ತಕ ತೆಗೆದು ಮತ್ತೆ ಓದಿದಳು. ಅದೇ ಇರಬೇಕು. ಅದೇ ಆಗಿರಲಿ!

ನರರೋಗದ ಡಾಕ್ಟರು ಮಗಳ ವಯಸ್ಸಿನ ಹೆಂಗಸು, ಮೆಲುಮಾತಿನವಳು. ಮೇಷ್ಟ್ರನ್ನು ನಡೆಸಿದಳು, ತೋರುಬೆರಳನ್ನು ಹೆಬ್ಬೆರಳಿಗೆ ಬೇಗ ಬೇಗ ಬಡಿಸಿದಳು, ಒಂದು ಸಾಲು ಬರೆಸಿದಳು, ಮೊಣಕೈ ಹಿಡಿದು ಮಡಿಸಿ ಬಿಡಿಸಿ ನೋಡಿದಳು. ಫೋನಕ್ಕ ತಲೆಸುತ್ತಿನ ಮಾತ್ರೆಯ ವಿಷಯ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

‘ನೀವು ಹೇಳೋದು ಸಾಧ್ಯ ಇದೆ ಅಕ್ಕ. ಆ ಮಾತ್ರೆ ಹೇಗೂ ಬೇಕಾಗಿಲ್ಲ, ನಿಲ್ಲಿಸೋಣ. ಆದರೆ ಒಂದೇ ಕಡೆಯಿಂದ ಶುರುವಾಗಿದೆ, ವಾಸನೆ ಬೇರೆ ತಿಳೀತಿಲ್ಲ. ಅದು ಬೇರೊಂದು ಕಾಯಿಲೆಯ ಕಡೆಗೂ ಕೈ ತೋರಿಸ್ತಿದೆ. ಕಾದು ನೋಡೋಣ.’

‘ಇದಕ್ಕೆ ರಕ್ತಪರೀಕ್ಷೆ ಏನೂ ಇಲ್ವಾ ಡಾಕ್ಟ್ರೇ?’ ಅಂತ ಮೇಷ್ಟ್ರು ಕೇಳಿದ.

‘ಇದರಲ್ಲಿ ನೋಡೋದೇ ಪರೀಕ್ಷೆ. ಇವತ್ತು ನೋಡೋದು, ಮುಂದೆ ಇನ್ನೊಂದು ಸಲ ನೋಡೋದು.’

ಕಾದರು. ಆ ಕಾಯುವ ತಿಂಗಳುಗಳಲ್ಲಿ ಫೋನಕ್ಕ ಗಂಡನ ಕೈಯನ್ನು ನೋಡಬಾರದು ಅಂದುಕೊಂಡೇ ನೋಡಿದಳು. ಇವತ್ತು ಕಮ್ಮಿ ಇದೆ ಅಲ್ವಾ ಅನ್ನೋಳು. ಕಮ್ಮಿ ಇದೆ ಅಂತ ಅವನು ಅನ್ನೋನು. ಎಲೆ ಉದುರಿ ಮರಗಳೆಲ್ಲ ಬೋಳಾಗಿ ಮತ್ತೆ ಚಿಗುರಿದವು. ಕೈ ಹಾಗೇ ನಡುಗುತ್ತಿತ್ತು, ಒಂದು ತೂಕ ಹೆಚ್ಚೇ ಅನ್ನಬೇಕು. ಡಾಕ್ಟರು ಇನ್ನೊಮ್ಮೆ ನಡೆಸಿ, ಬೆರಳು ಬಡಿಸಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಪಾರ್ಕಿನ್ಸನ್ ಕಾಯಿಲೆ ಅಂದಳು.

ಮೇಷ್ಟ್ರು ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ಆಮೇಲೆ, ‘ಪಾರ್ಕಿಂಗ್ ಕಾಯಿಲೆನಾ? ಜನಕ್ಕೆ ರಿವರ್ಸ್ ಪಾರ್ಕಿಂಗ್ ಕಲಿಸೀ ಕಲಿಸೀ ನನಗೇ ಅಂಟಿಕೊಂಡಿತಲ್ಲ’ ಅಂದ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಫೋನಕ್ಕನಿಗೆ ಅಳು ತಡೆಯಲಾಗಲಿಲ್ಲ. ಅವನು ನಡುಗದ ಎಡಗೈಯಿಂದ ಅವಳ ಬೆನ್ನು ಸವರಿದ.

ಯಾರೂ ಹೇಳದೆ ಅವನೇ ಬಿಳಿ ಕಾರಿನ ಬೀಗದಕೈಯನ್ನು ಡ್ರೈವಿಂಗ್ ಶಾಲೆಯ ಪಾಲುದಾರನಿಗೆ ಕೊಟ್ಟುಬಿಟ್ಟ. ‘ಕಲಿಯೋನು ತಪ್ಪು ಮಾಡಿದಾಗ ನನ್ನ ಕಾಲು ತಕ್ಷಣ ಓಡಬೇಕು. ಓಡದಿದ್ದರೆ ನಾನು ಆ ಸೀಟಲ್ಲಿ ಕೂರಬಾರದು’ ಅಂದ. ರಸ್ತೆ ನಿಯಮದ ಪಾಠ ಮಾತ್ರ ಇಟ್ಟುಕೊಂಡ. ಬೋರ್ಡಿನ ಮೇಲೆ ಬರೆದರೆ ಅಕ್ಷರ ಹಿಂದಿನ ಬೆಂಚಿಗೆ ಕಾಣುತ್ತಿರಲಿಲ್ಲ, ಅದಕ್ಕೆ ಹುಡುಗರಿಂದಲೇ ಬರೆಸುತ್ತಿದ್ದ.

ಕೆಲವು ವಾರ ಕಳೆದ ಮೇಲೆ ಡಾಕ್ಟರು ಇನ್ನೊಂದು ವಿಷಯ ಎತ್ತಿದಳು. ಕಾಯಿಲೆ ಇನ್ನೂ ಹಗುರವಾಗಿದೆ, ಈಗಲೇ ಔಷಧ ಶುರು ಮಾಡಲೇಬೇಕು ಅಂತಿಲ್ಲ. ಇಂಥವರಿಗಾಗಿಯೇ ಒಂದು ಅಧ್ಯಯನ ನಡೆಯುತ್ತಿದೆ. ಹೊಸ ಮಾತ್ರೆಯೊಂದು ಈ ಕಾಯಿಲೆಯ ವೇಗವನ್ನು ತಗ್ಗಿಸುತ್ತದೆಯೋ ಇಲ್ಲವೋ ಅಂತ ನೋಡುವುದು. ಅರ್ಧ ಜನಕ್ಕೆ ಆ ಮಾತ್ರೆ, ಅರ್ಧ ಜನಕ್ಕೆ ಪೊಳ್ಳು ಮಾತ್ರೆ. ಇಷ್ಟವಿದ್ದರೆ ಸೇರಬಹುದು, ಬೇಡವಾದರೆ ಯಾವಾಗ ಬೇಕಾದರೂ ಬಿಡಬಹುದು.

ಮೇಷ್ಟ್ರಿಗೆ ಕೇಳಿದ ಕೂಡಲೇ ಮನಸ್ಸಾಯಿತು. ಫೋನಕ್ಕನಿಗೆ ಆಗಲಿಲ್ಲ. ಆ ಮಾತ್ರೆಯ ಹಿಂದಿನ ಅಧ್ಯಯನವನ್ನು ಅವಳು ಹುಡುಕಿ ಓದಿದಳು. ಸಣ್ಣದು, ಸ್ವಲ್ಪ ಕಾಲದ್ದು, ಫಲಿತಾಂಶ ಮಾತ್ರ ಚೆಂದ.

‘ಸಣ್ಣ ಅಧ್ಯಯನದಲ್ಲಿ ಚೆಂದ ಕಂಡಿದ್ದು ದೊಡ್ಡದರಲ್ಲಿ ಉಳಿಯೋದು ಅಪರೂಪ ಕಣ್ರೀ. ಕೆಲವರಿಗೆ ಲಿವರ್ ಕೆಡಿಸಿದೆ ಬೇರೆ.’

‘ಅದಕ್ಕೇ ತಿಂಗಳು ತಿಂಗಳು ರಕ್ತ ನೋಡ್ತಾರಂತಲ್ಲ.’

‘ಒಂದು ವರ್ಷ ಪೊಳ್ಳು ಮಾತ್ರೆ ನುಂಗೋಕೆ ಅಷ್ಟೊಂದು ಓಡಾಡ್ಬೇಕಾ? ನಿಮ್ಮನ್ನ ಇನ್ನೊಬ್ಬರ ಲೆಕ್ಕದ ಅಂಕಿ ಮಾಡೋಕೆ ನನಗಿಷ್ಟ ಇಲ್ಲ.’

ತಟ್ಟೆಯ ಮುಂದೆ ಕೂತಿದ್ದ ಮೇಷ್ಟ್ರು ತಲೆ ಎತ್ತಿದ. ಅವನು ಜೋಕು ಹೊಡೆಯಲಿಲ್ಲ.

‘ನಿನ್ನ ರೂಮಲ್ಲಿ ಗೋಡೆ ತುಂಬ ಪುಸ್ತಕ ಇದೆಯಲ್ಲೇ, ಅದರೊಳಗೆ ಅಂಕಿ ಆಗಿ ಕೂತಿರೋರೆಲ್ಲ ಯಾರ ಗಂಡಂದಿರು?’

ಆ ರಾತ್ರಿ ಮನೆಯಲ್ಲಿ ಮಾತಿಲ್ಲ. ಪಾತ್ರೆಗಳು ಮಾತ್ರ ಎಂದಿಗಿಂತ ಜೋರಾಗಿ ಮಾತಾಡಿದವು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಬೂದು ಫೋನು ಬಡಿದುಕೊಂಡಿತು.

‘ನಮಸ್ಕಾರ. ಔಷಧ ಮಾಹಿತಿ. ಹೇಳಿ.’

‘ನಮಸ್ಕಾರ ಮೇಡಮ್ಮೋರೇ,’ ಅಂತ ಒಂದು ಗೊಗ್ಗರು ದನಿ ಬಂತು. ಮೂಗು ಹಿಡಿದು ಮಾತಾಡುವ ಹಾಗಿತ್ತು. ‘ನಾನೊಬ್ಬ ಮರದ ಕೆಲಸದವನು. ನನ್ನ ಸ್ನೇಹಿತನ ಬಗ್ಗೆ ಒಂದು ಮಾತು ಕೇಳಬೇಕಾಗಿತ್ತು.’

ಮೇಡಮ್ಮೋರೇ ಅನ್ನೋದು ಮುಗಿಯುವುದರೊಳಗೆ ಅವಳಿಗೆ ಗೊತ್ತಾಗಿತ್ತು. ಯಾವ ಬಟ್ಟೆ ಮುಚ್ಚಿ ಮಾತಾಡಿದರೂ ಆ ದನಿ ಅವಳಿಗೆ ತಪ್ಪುವಂಥದ್ದಲ್ಲ. ‘ರೀ’ ಅನ್ನೋದಕ್ಕೆ ಬಾಯಿ ತೆರೆದವಳು, ಯಾಕೋ ತಡೆದುಕೊಂಡಳು. ಕರೆ ಮಾಡಿದವರು ಯಾರು ಅಂತ ಕೇಳಬಾರದು ಅನ್ನೋದು ಆ ರೂಮಿನ ನಿಯಮ.

‘ಕೇಳಿ,’ ಅಂದಳು.

‘ನನ್ನ ಸ್ನೇಹಿತನಿಗೆ ಕೈ ನಡುಗೋ ಕಾಯಿಲೆ. ಒಂದು ಅಧ್ಯಯನಕ್ಕೆ ಸೇರ್ಕೋ ಅಂತಿದಾರೆ. ಅವನ ಹೆಂಡತಿ ಔಷಧದ ವಿಷಯ ಎಲ್ಲ ತಿಳ್ಕೊಂಡೋಳು. ಬೇಡ ಅಂತಾಳೆ. ಆದರೆ ಅವಳು ಹೆಂಡತಿಯಾಗಿ ಹೇಳ್ತಿದಾಳೋ, ತಿಳಿದವಳಾಗಿ ಹೇಳ್ತಿದಾಳೋ ಅವನಿಗೆ ಗೊತ್ತಾಗ್ತಿಲ್ಲ. ಅದಕ್ಕೆ ಬೇರೆ ಯಾರನ್ನಾದ್ರೂ ಕೇಳೋಣ ಅಂತ.’

ಫೋನಕ್ಕ ಕಿಟಕಿಯ ಕಡೆ ತಿರುಗಿ ಕೂತಳು. ಹೊರಗೆ ತಂತಿಯ ಮೇಲೆ ಆಸ್ಪತ್ರೆಯ ಹಸಿರು ಬಟ್ಟೆಗಳು ಒಣಗುತ್ತಿದ್ದವು.

‘ನಿಮ್ಮ ಸ್ನೇಹಿತರ ಪ್ರಶ್ನೆ ಏನು?’

‘ಆ ಮಾತ್ರೆಯಿಂದ ಅವನಿಗೆ ಒಳ್ಳೇದಾಗುತ್ತಾ?’

‘ಹುಡುಕಿ ನೋಡಿದೀನಿ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದಕ್ಕೇ ಅಧ್ಯಯನ ಮಾಡ್ತಿರೋದು. ಅವರಿಗೆ ಏನೂ ಪ್ರಯೋಜನ ಆಗದೇ ಇರಬಹುದು. ತೊಂದರೆ ಆಗುವ ಸಾಧ್ಯತೆ ಸಣ್ಣದು, ಆದರೆ ಇಲ್ಲ ಅನ್ನೋ ಹಾಗಿಲ್ಲ. ರಕ್ತಪರೀಕ್ಷೆ ತಪ್ಪಿಸಬಾರದು.’

‘ಮತ್ತೆ ಯಾತಕ್ಕೆ ಸೇರಬೇಕು?’

ಅವಳು ಗೋಡೆಯ ಪುಸ್ತಕಗಳ ಕಡೆ ನೋಡಿದಳು. ‘ಸೇರಲೇಬೇಕು ಅಂತಿಲ್ಲ. ಆದರೆ ನಾಳೆ ಇನ್ಯಾರೋ ಇದೇ ಫೋನಿಗೆ ಇದೇ ಪ್ರಶ್ನೆ ಕೇಳ್ತಾರೆ. ಆಗ ಗೊತ್ತಿಲ್ಲ ಅನ್ನೋದು ತಪ್ಪುತ್ತೆ. ನಮಗೆ ಇವತ್ತು ಗೊತ್ತಿರೋದೆಲ್ಲ ಯಾರೋ ಹಾಗೆ ಸೇರಿಕೊಂಡಿದ್ದಕ್ಕೇ ಗೊತ್ತಾಗಿರೋದು.’

‘ಅಷ್ಟು ಸಾಕು ಮೇಡಮ್ಮೋರೇ.’

‘ಇನ್ನೊಂದು ಮಾತು,’ ಅಂದಳು ಫೋನಕ್ಕ. ‘ಆ ಹೆಂಡತಿ ಹೇಳಿದ್ದು ಹೆಂಡತಿಯಾಗಿಯೇ. ಹೆದರಿಕೊಂಡಿದಾಳೆ, ಅಷ್ಟೇ. ಅದನ್ನೂ ನಿಮ್ಮ ಸ್ನೇಹಿತರಿಗೆ ಹೇಳಿ.’

ಆಚೆ ಕಡೆ ಮರದ ಕೆಲಸದವನು ಮೂಗು ಬಿಟ್ಟು ಸುಯ್ಯಂತ ಉಸಿರೆಳೆದದ್ದು ಕೇಳಿಸಿತು. ‘ಹೇಳ್ತೀನಿ,’ ಅಂದ.

ಸಂಜೆ ಮನೆಗೆ ಹೋದರೆ ಮೇಷ್ಟ್ರು ಟೀ ಮಾಡಿಟ್ಟುಕೊಂಡು ಕಾಯುತ್ತಿದ್ದ. ‘ಏನೇ, ಇವತ್ತು ಯಾರ್ಯಾರು ಫೋನ್ ಮಾಡಿದ್ರು?’

‘ಯಾರೋ ಮರದ ಕೆಲಸದವರಂತೆ. ಪಾಪ, ನೆಗಡಿ ಆಗಿತ್ತು.’

‘ಹೌದಾ. ಈಗ ಹವಾನೇ ಸರಿ ಇಲ್ಲ.’

ಬಟ್ಟಲಿನಲ್ಲಿದ್ದ ಟೀ ಮುಗಿಯುವ ತನಕ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದರು. ಮುಂದಿನ ವಾರ ಅವನು ಅಧ್ಯಯನಕ್ಕೆ ಸೇರಿದ. ಸಹಿ ಹಾಕುವಾಗ ಅವಳು ಪಕ್ಕದಲ್ಲೇ ಕೂತಿದ್ದಳು.

ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. ಅದು ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ, ಮಾತ್ರೆ ಕೊಡುವ ನರ್ಸಿಗೂ ಗೊತ್ತಿಲ್ಲ. ಮೇಷ್ಟ್ರು ಅದನ್ನು ‘ಅನಾಮಿಕ’ ಅಂತ ಕರೆಯುತ್ತಿದ್ದ. ‘ಅನಾಮಿಕ ಎಲ್ಲೇ ಇಟ್ಟೆ?’ ಅನ್ನೋನು. ಆಸ್ಪತ್ರೆಗೆ ಹೋದಾಗೆಲ್ಲ ಆ ನರ್ಸಮ್ಮ ಅವನನ್ನು ಕುರ್ಚಿಯಿಂದ ಏಳಿಸಿ, ಕಾರಿಡಾರಿನಲ್ಲಿ ನಡೆಸಿ, ಬೆರಳು ಬಡಿಸಿ ಬರೆದುಕೊಳ್ಳುತ್ತಿದ್ದಳು. ಫೋನಕ್ಕ ಅತ್ತ ಸುಳಿಯುತ್ತಿರಲಿಲ್ಲ. ನೋಡಿದರೆ ಏನೇನೋ ಅನ್ನಿಸುತ್ತೆ, ಅನ್ನಿಸಿದ್ದು ಬಾಯಿಗೆ ಬರುತ್ತೆ ಅಂತ ಅವಳಿಗೆ ಭಯ.

ಮನೆಯಲ್ಲಿ ಮಾತ್ರ ಕಣ್ಣು ಮುಚ್ಚಿಕೊಳ್ಳೋದಕ್ಕೆ ಆಗುತ್ತಾ? ದಿನಾ ಬೆಳಿಗ್ಗೆ ಮೇಷ್ಟ್ರು ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಒಂದು ಕಷ್ಟ. ಬೆರಳು ಗುಂಡಿಯನ್ನು ಹಿಡಿಯುತ್ತಿತ್ತು, ತೂತು ಸಿಗುತ್ತಿರಲಿಲ್ಲ. ತೂತು ಸಿಕ್ಕರೆ ಗುಂಡಿ ಜಾರುತ್ತಿತ್ತು. ಸಹಾಯ ಮಾಡಲು ಹೋದರೆ ‘ನಾನೇನು ಎಳೇ ಮಗುನಾ’ ಅನ್ನುತ್ತಿದ್ದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆಯ ಕಡೆ ನೋಡುವ ಹಾಗೆ ನಟಿಸುತ್ತಾ, ಪ್ರತಿ ಗುಂಡಿಗೂ ತಾನೇ ಉಸಿರು ಹಿಡಿಯುತ್ತಿದ್ದಳು.

ಅಧ್ಯಯನ ಅರ್ಧ ದಾರಿ ಕಳೆದಿರಬೇಕು, ಒಂದು ಬೆಳಿಗ್ಗೆ ಅವನು ನೀಲಿ ಅಂಗಿ ತೊಟ್ಟು, ಸೀಟಿ ಹಾಕುತ್ತಾ, ಮೇಲಿಂದ ಕೆಳಗೆ ಸಲೀಸಾಗಿ ಗುಂಡಿ ಹಾಕಿಕೊಂಡುಬಿಟ್ಟ. ಫೋನಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮರುದಿನ ಬಿಳಿ ಅಂಗಿ, ಅದೂ ಸಲೀಸು. ಅವಳು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮಗಳಿಗೆ ಫೋನ್ ಮಾಡಿ, ‘ಯಾರಿಗೂ ಹೇಳಬೇಡ, ನಿಮ್ಮಪ್ಪನಿಗೆ ನಿಜವಾದ ಮಾತ್ರೆಯೇ ಸಿಕ್ಕಿದೆ’ ಅಂದಳು.

‘ಅಮ್ಮಾ, ನೀನಾ ಹೀಗೆ ಹೇಳ್ತಿರೋದು? ಆಧಾರ ಏನು?’

‘ಕಣ್ಣಾರೆ ಕಂಡಿದೀನಿ ಕಣೇ.’

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಟಾನಿಕ್ಕಿನ ಆ ತಾಯಿ ನೆನಪಾದಳು. ಆದರೂ ನಂಬಿಕೆಯನ್ನು ಬಿಡಲು ಮನಸ್ಸಾಗಲಿಲ್ಲ. ಗೂಡಿನಲ್ಲಿ ಮರಿ ಇಟ್ಟುಕೊಂಡ ಹಕ್ಕಿಯ ಹಾಗೆ ಆ ಗುಟ್ಟನ್ನು ಬೆಚ್ಚಗೆ ಕಾಪಾಡಿಕೊಂಡು ವರ್ಷ ಮುಗಿಸಿದಳು.

ಅಧ್ಯಯನ ಮುಗಿದು, ಊರೂರುಗಳ ಲೆಕ್ಕವೆಲ್ಲ ಒಂದಾಗೋದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. ಒಂದು ಮಧ್ಯಾಹ್ನ ಡಾಕ್ಟರು ಇಬ್ಬರನ್ನೂ ಕರೆಸಿದಳು. ನರ್ಸಮ್ಮನೂ ಇದ್ದಳು.

‘ಮಾತ್ರೆ ಕೆಲಸ ಮಾಡಲಿಲ್ಲ,’ ಅಂದಳು ಡಾಕ್ಟರು ನೇರವಾಗಿ. ‘ನಿಜವಾದ ಮಾತ್ರೆ ತಗೊಂಡವರಿಗೂ ಪೊಳ್ಳು ಮಾತ್ರೆ ತಗೊಂಡವರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚೆನ್ನಾಗಿ ನಡೀತು, ಅನುಮಾನಕ್ಕೆ ಜಾಗ ಇಲ್ಲ. ನಿಮಗೆ ಸಿಕ್ಕಿದ್ದು ಪೊಳ್ಳು ಮಾತ್ರೆ ಸರ್.’

ಮೇಷ್ಟ್ರು ‘ಅಯ್ಯೋ ಅನಾಮಿಕಾ!’ ಅಂತ ಹಣೆ ಬಡಿದುಕೊಂಡು ನಕ್ಕ. ಫೋನಕ್ಕ ಮಾತ್ರ ನರ್ಸಮ್ಮನ ಕಡೆ ನೋಡಿ, ‘ಸರಿಯಾಗಿ ನೋಡಿದೀರಾ?’ ಅಂದಳು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಬೇರೆಯವರು ಅವಳಿಗೆ ಕೇಳಿದ್ದರು, ಅವಳು ಯಾರಿಗೂ ಕೇಳಿರಲಿಲ್ಲ.

‘ನೋಡಿದೀನಿ ಅಕ್ಕ,’ ಅಂದಳು ನರ್ಸಮ್ಮ ಮೆಲ್ಲಗೆ.

ಆಸ್ಪತ್ರೆಯ ಗೇಟಿನ ಹತ್ತಿರ ಒಂದು ಕಲ್ಲುಬೆಂಚು. ಅಲ್ಲಿಯವರೆಗೆ ನಡೆದ ಫೋನಕ್ಕ ಕೂತುಬಿಟ್ಟಳು.

‘ನಾನು ನೋಡಿದೆ ಕಣ್ರೀ. ನೀವು ಗುಂಡಿ ಹಾಕ್ಕೊಳ್ತಿದ್ದಿದ್ದು. ಮೊದಲು ಆಗ್ತಿರಲಿಲ್ಲ, ಆಮೇಲೆ ಸಲೀಸಾಗಿ ಆಗ್ತಿತ್ತು. ನನ್ನ ಕಣ್ಣಿಗೆ ಏನಾಗಿತ್ತು ಹಾಗಾದರೆ?’

ಮೇಷ್ಟ್ರ ಮುಖ, ಕದ್ದ ಬೆಲ್ಲ ಬಾಯಲ್ಲೇ ಇರುವ ಹುಡುಗನ ಮುಖದ ಹಾಗಾಯಿತು.

‘ನಿನ್ನ ಕಣ್ಣಿಗೇನೂ ಆಗಿರಲಿಲ್ಲ,’ ಅಂದ.

‘ಅಂದರೆ?’

‘ದರ್ಜಿ ಹತ್ತಿರ ಎಲ್ಲ ಅಂಗಿಗೂ ಗುಂಡಿತೂತು ದೊಡ್ಡದು ಮಾಡಿಸಿದ್ದೆ.’

ಅವಳು ಪೂರ್ತಿ ಅವನ ಕಡೆ ತಿರುಗಿ ಕೂತಳು.

‘ದಿನಾ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡ್ಕೊಂಡು ನಿಂತಿರ್ತಿದ್ದೆಯಲ್ಲ. ನನಗೆ ಗುಂಡಿ ಕಷ್ಟ ಆಗ್ತಿರಲಿಲ್ಲ ಕಣೇ. ನಿನ್ನ ಮುಖ ನೋಡೋದು ಕಷ್ಟ ಆಗ್ತಿತ್ತು.’

ಫೋನಕ್ಕನ ಬಾಯಿಂದ ಮೊದಲು ಬಂದದ್ದು ಹೆಂಡತಿಯ ಮಾತಲ್ಲ. ‘ಅಲ್ಲಿ? ನರ್ಸಮ್ಮನ ಹತ್ತಿರ? ಅಲ್ಲೂ ಹೀಗೇ ಏನಾದ್ರೂ...’

‘ಛೇ ಛೇ. ಅಲ್ಲಿಗೆ ಹೋಗುವಾಗೆಲ್ಲ ಟೀ ಶರ್ಟು. ಒಂದು ಸಲ ಅಂಗಿ ಹಾಕ್ಕೊಂಡು ಹೋಗಿ, ತೂತು ಕತ್ತರಿಸಿರೋದು ತೋರಿಸಿ ಹೇಳಿಬಿಟ್ಟೆ. ಅವಳು ಬಿದ್ದೂ ಬಿದ್ದೂ ನಕ್ಕಳು. ಬೆರಳು ಬಡಿಯೋದಕ್ಕೂ ಗುಂಡಿಗೂ ಸಂಬಂಧ ಇಲ್ಲ, ಪರವಾಗಿಲ್ಲ ಅಂದಳು. ಅಕ್ಕನಿಗೆ ಮಾತ್ರ ಹೇಳಬೇಡಿ ಅಂದೆ.’

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಆಮೇಲೆ ಎರಡೂ ಕೂಡಿಕೊಂಡು ಬಂದವು. ಗೇಟಿನಲ್ಲಿ ಹೋಗಿಬರುವವರು ಏನೋ ಸಾವಾಗಿರಬೇಕು ಪಾಪ ಅಂದುಕೊಂಡು ದೂರ ಸರಿದು ನಡೆದರು. ಮೇಷ್ಟ್ರು ಅವಳಿಗೆ ತನ್ನ ಕರವಸ್ತ್ರ ಕೊಟ್ಟ. ಅದು ಅವನ ಕೈಯಲ್ಲಿ ಬಾವುಟದ ಹಾಗೆ ಅಲ್ಲಾಡುತ್ತಿತ್ತು.

ಆಮೇಲೆ ಡಾಕ್ಟರು ಹಳೆಯ, ಎಲ್ಲರಿಗೂ ಗೊತ್ತಿರುವ ಮಾತ್ರೆಯನ್ನು ಶುರು ಮಾಡಿದಳು. ಅದು ಕಾಯಿಲೆಯನ್ನು ಓಡಿಸುವುದಿಲ್ಲ, ಕೈಕಾಲಿನ ಬಿಗಿ ಮಾತ್ರ ಸಡಿಲಿಸುತ್ತೆ. ಆದರೆ ಅದಕ್ಕೆ ಗಟ್ಟಿ ಆಧಾರವಿದೆ. ಫೋನಕ್ಕ ಅದನ್ನು ಎಷ್ಟು ಜನಕ್ಕೆ ಹೇಳಿದ್ದಳೋ. ಕೆಲವು ವಾರಗಳಲ್ಲಿ ಮೇಷ್ಟ್ರು ಬ್ರೆಡ್ಡಿಗೆ ತಾನೇ ಬೆಣ್ಣೆ ಸವರಿಕೊಳ್ಳತೊಡಗಿದ. ಅವಳು ಚಾಕು, ಬ್ರೆಡ್ಡು, ಬೆಣ್ಣೆ ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದಳು.

‘ದರ್ಜಿ ಇಲ್ಲ ಕಣೇ ಈ ಸಲ,’ ಅಂದ ಅವನು.

ಅಧ್ಯಯನದ ವರದಿ ಅಚ್ಚಾಗಿ ಬಂದಾಗ ಫೋನಕ್ಕ ಅದನ್ನು ತನ್ನ ರೂಮಿನಲ್ಲಿ ಕೂತು ಓದಿದಳು. ಯಾವಾಗಲೂ ಮೊದಲು ಕೊನೆಯ ಸಾಲಿಗೆ ಹೋಗುತ್ತಿದ್ದವಳು, ಈ ಸಲ ಎರಡು ಗುಂಪುಗಳ ಪಟ್ಟಿಯ ಮುಂದೆಯೇ ಬಹಳ ಹೊತ್ತು ನಿಂತಳು. ಪೊಳ್ಳು ಮಾತ್ರೆಯ ಗುಂಪು, ಇಷ್ಟು ಜನ. ಆ ಅಂಕಿಯೊಳಗೆ ಎಲ್ಲೋ ಸೀಟಿ ಹಾಕುವವನೊಬ್ಬನಿದ್ದ. ಉಳಿದವರೆಲ್ಲ ಯಾರೋ, ಅವರ ಮನೆಗಳ ಬಾಗಿಲಲ್ಲಿ ಯಾರ್ಯಾರು ನಿಂತು ನೋಡುತ್ತಿದ್ದರೋ. ಅದಾಗಿ ಸ್ವಲ್ಪ ದಿನಕ್ಕೆ ಬೇರೆ ಊರಿನ ಡಾಕ್ಟರೊಬ್ಬರು ಫೋನ್ ಮಾಡಿ ಅದೇ ಮಾತ್ರೆಯ ಬಗ್ಗೆ ಕೇಳಿದರು.

‘ಪ್ರಯೋಜನ ಇಲ್ಲ ಡಾಕ್ಟ್ರೇ. ಇದರಲ್ಲಿ ಗೊತ್ತಿಲ್ಲ ಅನ್ನೋ ಮಾತಿಲ್ಲ, ಖಚಿತವಾಗಿ ಗೊತ್ತು. ನಿಮ್ಮ ರೋಗಿಗೆ ಸುಮ್ಮನೆ ಕೊಡಬೇಡಿ.’ ಆಮೇಲೆ ಎಂದೂ ಸೇರಿಸದ ಒಂದು ಮಾತು ಸೇರಿಸಿದಳು. ‘ಆ ರೋಗಿಯ ಮನೆಯವರಿಗೆ ನಿಧಾನವಾಗಿ ಹೇಳಿ. ಆಸೆ ಇಟ್ಟುಕೊಂಡಿರ್ತಾರೆ.’

ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಹೊಸ ತಾಪತ್ರಯವೊಂದು ಎದ್ದಿತ್ತು. ಮೇಷ್ಟ್ರು ಮನೆಯ ಕಾರು ಓಡಿಸುವುದನ್ನೂ ಪೂರ್ತಿ ಬಿಟ್ಟ. ಆಸ್ಪತ್ರೆ, ಅಂಗಡಿ, ಮಗಳ ಮನೆ, ಎಲ್ಲದಕ್ಕೂ ಯಾರನ್ನಾದರೂ ಕಾಯಬೇಕು. ಫೋನಕ್ಕನಿಗೋ ಸ್ಟೇರಿಂಗ್ ಹಿಡಿದು ಗೊತ್ತಿಲ್ಲ. ಅರ್ಧ ಊರಿಗೆ ಕಲಿಸಿದವನು ಹೆಂಡತಿಗೆ ಕಲಿಸಿರಲಿಲ್ಲ. ಅವನು ಕರೆದಿರಲಿಲ್ಲ, ಅವಳು ಕೇಳಿರಲಿಲ್ಲ.

‘ಈ ವಯಸ್ಸಲ್ಲಿ ನನ್ನ ಕೈಲಾಗುತ್ತಾ?’

‘ಗೊತ್ತಿಲ್ಲ,’ ಅಂದ ಮೇಷ್ಟ್ರು ಗಂಭೀರವಾಗಿ. ‘ಅಧ್ಯಯನ ಮಾಡೇ ನೋಡಬೇಕು.’

ಕಾಲಿನ ಬುಡದ ಬ್ರೇಕು ಪಾಲುದಾರನದ್ದು, ಬಾಯಿ ಹಿಂದಿನ ಸೀಟಿನಲ್ಲಿ ಕೂತ ಮೇಷ್ಟ್ರದ್ದು. ಮೊದಲ ವಾರ ಅವಳು ಕಾರನ್ನು ಕಪ್ಪೆಯ ಹಾಗೆ ಹಾರಿಸಿದಳು. ಎರಡು ಕಸದ ಡಬ್ಬಿ ಉರುಳಿದವು. ತಿರುವಿನಲ್ಲಿ ಎಡಕ್ಕೋ ಬಲಕ್ಕೋ ಅಂತ ಗಂಡ ಹೆಂಡತಿ ಜಗಳಕ್ಕೆ ಬಿದ್ದು, ಪಾಲುದಾರ ಇಳಿದು ಹೋಗಿ ಟೀ ಕುಡಿದು ಬಂದ. ಮೊದಲ ಸಲ ಪರೀಕ್ಷೆಯಲ್ಲಿ ಫೇಲಾದಳು. ‘ಅಷ್ಟು ದಪ್ಪ ಪುಸ್ತಕ ಓದಿದವಳು ನಾನು’ ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. ಮುಂದಿನ ಸಲ ಪಾಸಾದಳು. ಲೈಸೆನ್ಸನ್ನು ಮಗಳು ಮೂರು ಮನೆಗೆ ತೋರಿಸಿಕೊಂಡು ಬಂದಳು.

ಮೊದಲ ಸಲ ಅವಳೇ ಕಾರು ಓಡಿಸಿ ಮೇಷ್ಟ್ರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ ದಿನ, ಹೋಗುವಾಗ ಅವನು ಎಂದಿನ ಹಾಗೆ ರಸ್ತೆಯ ಮೇಲೆ ಕಣ್ಣು ನೆಟ್ಟು, ‘ಸೈಕಲ್ಲು, ಸೈಕಲ್ಲು’, ‘ಗೇರ್ ಇಳಿಸು’ ಅನ್ನುತ್ತಲೇ ಇದ್ದ. ಓಡಿಸುವವರ ಪಕ್ಕದಲ್ಲಿ ಕೂತು ಜೀವಮಾನದಲ್ಲಿ ಕಣ್ಣು ಮುಚ್ಚಿದವನಲ್ಲ ಅವನು. ಅದು ಅವನ ಕಸುಬು.

ಬರುವಾಗ ದೊಡ್ಡ ರಸ್ತೆ ದಾಟಿ ಮನೆಯ ಕಡೆ ತಿರುಗಿದ ಮೇಲೆ ಪಕ್ಕದಿಂದ ಮಾತು ಬರಲಿಲ್ಲ. ಫೋನಕ್ಕ ಒಮ್ಮೆ ಓರೆಗಣ್ಣಿನಲ್ಲಿ ನೋಡಿದಳು. ಮೇಷ್ಟ್ರು ತಲೆಯನ್ನು ಕಿಟಕಿಗೆ ಆನಿಸಿ, ಬಾಯಿ ಸ್ವಲ್ಪ ತೆರೆದು, ಹಾಯಾಗಿ ನಿದ್ದೆ ಹೋಗಿದ್ದ. ತೊಡೆಯ ಮೇಲಿನ ಕೈ ಕೂಡ ನಿದ್ದೆಯಲ್ಲಿ ಸುಮ್ಮನಾಗಿತ್ತು.

ಮನೆಯ ಬೀದಿ ಬಂತು. ಅವಳು ನಿಲ್ಲಿಸಲಿಲ್ಲ. ವೇಗ ಇನ್ನಷ್ಟು ಇಳಿಸಿ, ಮನೆಯನ್ನು ದಾಟಿ, ಮಗಳ ಬೀದಿಯನ್ನು ಬಳಸಿಕೊಂಡು ಇನ್ನೊಂದು ಸುತ್ತು ಹೊರಟಳು.